ಊರಿಗೆ ತೊಡಿಸಿದ ಬಳೆ

ದಾನಮ್ಮ ಹಿಟ್ಟಿನ ಜರಡಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ತಗಡಿನ ಅಂಚನ್ನು ಗರಗಸದ ಅಲಗಿನಿಂದ ಕೊಯ್ಯುತ್ತಿದ್ದಳು. ಒಳಗೆ ಅವ್ವ ಮಲಗಿದ್ದಳು. ಸದ್ದಾಗಬಾರದೆಂದು ಅಲಗಿಗೆ ಎಣ್ಣೆ ಸವರಿ, ಅಂಚಿನ ಕೆಳಗೆ ಹಳೆಯ ಸೀರೆಯ ತುಂಡನ್ನು ಮಡಚಿಟ್ಟು, ಒಂದೊಂದೇ ಎಳೆತ ಎಳೆಯುತ್ತಿದ್ದಳು. ಜರಡಿಯ ಜಾಲರಿಯನ್ನು ಹೋದ ವರ್ಷವೇ ನೈಲಾನಿಗೆ ಬದಲಾಯಿಸಿದ್ದಾಗಿತ್ತು, ಅಂಚೊಂದು ಉಳಿದಿತ್ತು. ಅದು ಒಂದು ಕಡೆ ಪೂರ್ತಿ ತುಂಡಾಗಿ ಕೂದಲೆಳೆಯಷ್ಟು ಸಂದಿ ಬಿಟ್ಟಿತು. ಅರಗು ಕಾಸಿ ಸಂದಿಗೆ ತುಂಬಿದಳು, ಇಲ್ಲದಿದ್ದರೆ ಹಿಟ್ಟು ಸೋರುತ್ತದೆ. ಆರಿದ ಮೇಲೆ ಕಂಪನಿ ಕೊಟ್ಟ ತಪಾಸಣೆಯ ಯಂತ್ರ ಕೈಸುರುಳಿಯನ್ನು ಹತ್ತಿರ ಹಿಡಿದು ಅದರ ಮುಳ್ಳನ್ನು ನೋಡಿದಳು. ಮುಳ್ಳು ಅಲುಗಲಿಲ್ಲ. ಜರಡಿಯನ್ನು ಗೂಟಕ್ಕೆ ತೂಗುಹಾಕಿದಳು.

ಯರೇಹಾಳದಲ್ಲಿ ಈ ಕೆಲಸಕ್ಕೆ ಬಾಯಿ ಬಿಡಿಸುವುದು ಎಂದು ಹೆಸರು. ಎರಡು ವರ್ಷದಲ್ಲಿ ಊರಿನ ಬಳೆ, ಕಡಗ, ಉಡಿದಾರ, ಕೊಡದ ಕಂಠ, ಕಿಟಕಿಯ ಸರಳು, ಸೈಕಲ್ಲಿನ ಗಾಲಿ, ಎಲ್ಲದಕ್ಕೂ ಬಾಯಿ ಬಿಡಿಸಿದ್ದಾಗಿತ್ತು. ಬಾಯಿ ಬಿಡಿಸಲು ಬಾರದ್ದನ್ನು ಊರಾಚೆ ಸಾಗಿಸಿದ್ದಾಗಿತ್ತು.

ಇದೆಲ್ಲ ಆದದ್ದು ಕಂಪನಿ ಊರಿನ ಸುತ್ತ ನೆಲದಲ್ಲಿ ಒಂದು ದೊಡ್ಡ ಸುರುಳಿಯನ್ನು ಹೂತ ಮೇಲೆ. ತೊಡೆಯಷ್ಟು ದಪ್ಪದ ಕೊಳವೆ, ಅದರೊಳಗೆ ಮಂಜುಗಡ್ಡೆಗಿಂತ ಎಷ್ಟೋ ಪಟ್ಟು ತಣ್ಣಗಿಟ್ಟ ತಂತಿ. ಆ ತಣ್ಣಗಿನ ತಂತಿಯಲ್ಲಿ ಒಮ್ಮೆ ಹರಿಯಬಿಟ್ಟ ಕರೆಂಟು ದಣಿಯುವುದಿಲ್ಲ. ಒಂದು ಸೆಕೆಂಡಿಗೆ ಸಾವಿರಾರು ಸಲ ಅದು ಹಿಂದೆ ಮುಂದೆ ತೂಗುತ್ತದೆ, ಅದರ ಜೊತೆ ಊರನ್ನೆಲ್ಲ ತುಂಬಿದ ಕಾಂತಕ್ಷೇತ್ರವೂ ತೂಗುತ್ತದೆ. ಪ್ರತಿ ಮನೆಯ ಮಾಳಿಗೆಯ ಮೇಲೊಂದು ಚೌಕಟ್ಟು. ಅದು ಕ್ಷೇತ್ರದಿಂದ ಕರೆಂಟನ್ನು ಹಿಡಿದುಕೊಳ್ಳುತ್ತದೆ. ಕಂಬ ಹೋದವು, ತಂತಿ ಹೋದವು. ಫ್ಯಾನು, ಗಿರಣಿ, ಬೋರು ಎಲ್ಲ ತಂತಿಯಿಲ್ಲದೆ ನಡೆದವು. ಮೊದಮೊದಲು ಸ್ಟೀಲಿನ ಪಾತ್ರೆಯಲ್ಲಿಟ್ಟ ಹಾಲು ತಣಿಯುತ್ತಲೇ ಇರಲಿಲ್ಲ, ಮೊಸರು ಹೊತ್ತೇರುವುದರೊಳಗೆ ಹುಳಿಯಾಗುತ್ತಿತ್ತು. ಕುಂಬಾರರಿಗೆ ಕೈತುಂಬ ಕೆಲಸ ಬಂತು. ಹೆಂಗಸರು ನಳದ ಹತ್ತಿರ ನಿಂತು ಅಂದರು, "ಊರಿಗೆ ಬಳಿ ತೊಡಿಸ್ಯಾರ, ನಮ್ಮ ಬಳಿ ಒಡಿಸ್ಯಾರ."

ಆ ಮಾತಿಗೆ ನಗುವವರೂ ಇದ್ದರು, ನಗದವರೂ ಇದ್ದರು. ಬಳೆ ಕತ್ತರಿಸುವುದು ಹುಡುಗಾಟದ ಕೆಲಸವಲ್ಲ. ಪತ್ತಾರ ಮೌನೇಶಪ್ಪ ಪ್ರತಿಯೊಬ್ಬಳ ಬಳೆಗೂ ಬಾಯಿ ಬಿಡಿಸುವ ಮೊದಲು ಅರಿಶಿನ ಹಚ್ಚಿ, "ಇದು ಒಡದದ್ದಲ್ಲ, ತೆರದದ್ದು" ಎಂದು ಹೇಳಿ ಕತ್ತರಿಸುತ್ತಿದ್ದ, ಸಂದಿಗೆ ಕೆಂಪು ಅರಗು ತುಂಬುತ್ತಿದ್ದ. ಹಾಗೆ ಹೇಳದಿದ್ದರೆ ಯಾರೂ ಕೈ ಚಾಚುತ್ತಿರಲಿಲ್ಲ.

ಎಂಟನೇ ಇಯತ್ತೆಗೆ ಶಾಲೆ ಬಿಟ್ಟಿದ್ದ ದಾನಮ್ಮನಿಗೆ ಕಂಪನಿಯಲ್ಲಿ ತಪಾಸಣೆಯ ಕೆಲಸ ಸಿಕ್ಕಿತು. ಕೈಸುರುಳಿ ಹಿಡಿದು ಮನೆಮನೆಗೆ ಹೋಗುವುದು, ಸುತ್ತು ಮುಚ್ಚಿದ ಲೋಹದ ಹತ್ತಿರ ಮುಳ್ಳು ಎದ್ದರೆ ಬರೆದುಕೊಳ್ಳುವುದು. ಮಾತಾಡುವ ಕೆಲಸವಲ್ಲವೆಂದೇ ಅವಳು ಒಪ್ಪಿಕೊಂಡಿದ್ದಳು. ಮೂವರಿಗಿಂತ ಹೆಚ್ಚು ಜನ ಎದುರಿಗಿದ್ದರೆ ಅವಳ ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಆದರೆ ಕಣ್ಣು ಮಾತ್ರ ಎಲ್ಲವನ್ನೂ ನೋಡುತ್ತಿತ್ತು. ಯಾರ ಮನೆಯ ಹುಲ್ಲಿನ ಬಣವೆ ನಿನ್ನೆಗಿಂತ ಇವತ್ತು ಉಬ್ಬಿದೆ, ಯಾರ ದೇವರ ಜಗಲಿಯ ಹಿಂದೆ ಹೊಸದಾಗಿ ಸಾರಿಸಿದ್ದಾರೆ, ಎಲ್ಲ ಗೊತ್ತಾಗುತ್ತಿತ್ತು.

ಆ ದಿನ ಜರಡಿಯ ಕೆಲಸ ಮುಗಿಸಿ ಅವಳು ಗುಡ್ಡಕ್ಕೆ ಹೋದಳು. ನಿಯಂತ್ರಣ ಕೊಠಡಿ ಇದ್ದದ್ದು ದೊಡ್ಡ ಬಳೆಯ ಆಚೆ, ಗುಡ್ಡದ ನೆತ್ತಿಯ ಮೇಲೆ. ಅಲ್ಲಿಗೆ ಹೋಗಬೇಕಾದರೆ ಹೂತ ಸುರುಳಿಯನ್ನು ದಾಟಬೇಕು. ಸುರುಳಿ ಹೂತ ಜಾಗದಲ್ಲಿ ಎರಡೂ ಬದಿಗೆ ಸುಣ್ಣದ ಗೆರೆ ಎಳೆದಿದ್ದರು.

ಒಳಗೆ ಇಂಜಿನಿಯರ್ ಗಲಗಲಿಯವರು ಒಬ್ಬರೇ ಕುಳಿತಿದ್ದರು. ಐವತ್ತು ದಾಟಿದ ಮನುಷ್ಯ. ಹಿಂದೆ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಆ ಚಾಳಿ ಹೋಗಿರಲಿಲ್ಲ. ದಾನಮ್ಮ ಬಂದಾಗಲೆಲ್ಲ ಹಳೆಯ ಅರ್ಜಿಗಳ ಹಿಂಬದಿಯಲ್ಲಿ ಚಿತ್ರ ಬರೆದು ಒಂದಿಷ್ಟು ಹೇಳುತ್ತಿದ್ದರು. ಅವಳು ಆ ಹಾಳೆಗಳನ್ನು ದಾರದಿಂದ ಹೊಲಿದು ಪುಸ್ತಕ ಮಾಡಿಕೊಂಡಿದ್ದಳು.

"ಕ್ಷೇತ್ರ ಅಂದ್ರ ಏನು, ಹೇಳವಾ."

"ಒಂದೊಂದ ಜಾಗಾಕ್ಕ ಒಂದೊಂದ ಬಾಣ ಇದ್ದಂಗ್ರಿ," ಎಂದಳು ನೆಲ ನೋಡುತ್ತ. "ಬಾಣ ಕಾಣೂದಿಲ್ಲ. ಆದ್ರ ಅಲ್ಲೇನರ ಇಟ್ರ, ಬಾಣ ಇತ್ತು ಅಂತ ಗೊತ್ತಾಗತೈತಿ."

"ಶಾಣ್ಯಾಕಿ. ನಾ ಕಾಲೇಜಿನ್ಯಾಗ ಕಲಿಸಿದ ಹುಡುಗರು ಇಷ್ಟ ಹೇಳ್ಲಿಕ್ಕೆ ಅರ್ಧಾ ತಾಸು ತಗೋತಿದ್ರು. ಮತ್ತ ಮುಚ್ಚಿದ್ದು ಯಾಕ ಬ್ಯಾಡ?"

"ಉಂಗರದೊಳಗಿಂದ ಹಾದು ಹೋಗೂ ಬಾಣ ಹೆಚ್ಚು ಕಡಿಮಿ ಆದ್ರ, ಉಂಗರದ ಗುಂಟ ಕರೆಂಟ್ ಓಡಾಕ ನೋಡತೈತ್ರಿ. ಹಾದಿ ಮುಚ್ಚಿತ್ತಂದ್ರ ಓಡಿ ಕಾಯತೈತಿ. ಬಾಯಿ ಬಿಟ್ಟಿತ್ತಂದ್ರ ಇಲ್ಲ."

"ಹಾಂ. ಒಟ್ಟ ನಾಕೇ ಮಾತವಾ ಈ ಶಾಸ್ತ್ರದಾಗ. ಅದರಾಗ ಒಂದನ್ನ ಈ ಊರಿನ ಮುದುಕೇರೂ ಬಾಯಿಪಾಠ ಮಾಡ್ಯಾರ." ಅವರು ನಕ್ಕು, ಒಂದು ಹಾಳೆಯನ್ನು ಅವಳ ಮುಂದೆ ಸರಿಸಿದರು. "ನಾಳೆ ಹತ್ತಕ್ಕ ಎರಡನೇ ಹಂತ. ಕ್ಷೇತ್ರ ಎಂಟು ಪಟ್ಟು ಆಗ್ತದ. ಈಗ ಬಾಣ ಮ್ಯಾಲ ಕೆಳಗಷ್ಟ ತೂಗ್ತಾವ. ನಾಳಿಂದ ಊರಿನ ನಾಕೂ ಮೂಲ್ಯಾಗ ಹೊಸದಾಗಿ ನಿಲ್ಸಿದ ಗೋಪುರ ಕೂಡಿ ಅವನ್ನ ಎಲ್ಲಾ ದಿಕ್ಕಿಗೂ ತಿರುಗಿಸ್ತಾವ. ಕಿಸೆದಾಗಿನ ಫೋನು, ಓಡೋ ಗಾಡಿ, ಹೆಂಗ ಹೊಳ್ಳಿದ್ರೂ ಕರೆಂಟ್ ಸಿಗಬೇಕಲ್ಲಾ. ಎಲ್ಲಾರ ಮೈಗೂ ಸುರುಳಿ ಹಿಡದ ನೋಡೀರೇನು?"

ದಾನಮ್ಮ ತಲೆಯಾಡಿಸಿ ಸಹಿ ಮಾಡಿದಳು. ಸುಳ್ಳು ಹೇಳಿದೆನೆಂದು ಅವಳಿಗೆ ಅನಿಸಲಿಲ್ಲ.

ಒಂದು ವಿಷಯವನ್ನು ಮಾತ್ರ ಗಲಗಲಿಯವರಿಗೆ ಯಾರೂ ಹೇಳಿರಲಿಲ್ಲ. ಗಂಡ ಸತ್ತ ಹೆಂಗಸರ ಮೈಗೆ ಸುರುಳಿ ಹಿಡಿಯುವ ರೂಢಿ ಇರಲಿಲ್ಲ. ಮೊದಲ ತಿಂಗಳಲ್ಲೇ ತಪಾಸಣೆಯ ಆರು ಹುಡುಗಿಯರು ತಮ್ಮತಮ್ಮಲ್ಲೇ ಹಾಗೆಂದು ಮಾಡಿಕೊಂಡಿದ್ದರು. ಬರಿಗೈಯ ಮೇಲೆ, ಬರಿಗೊರಳ ಮೇಲೆ ಯಂತ್ರ ಆಡಿಸಿ, ಇಲ್ಲಿ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತ ನಿಲ್ಲುವುದು ಆರಿದ ಗಾಯ ಕೆದಕಿದಂತೆ. ಆ ಮುದುಕಿಯರಾದರೂ ಏನು ತೊಟ್ಟಿರುತ್ತಾರೆ? ಹೊಸ್ತಿಲಲ್ಲೇ ಕೈಮುಗಿದು "ಇಲ್ಲ" ಎಂದು ಬರೆದುಕೊಂಡು ಮುಂದೆ ಹೋಗುತ್ತಿದ್ದರು. ಮುದುಕಿಯರು ಅದನ್ನು ಕಂಡು ಒಂದು ಹಿಡಿ ಶೇಂಗಾ ಕೊಟ್ಟು ಕಳಿಸುತ್ತಿದ್ದರು. ದಾನಮ್ಮ ತನ್ನ ಅವ್ವ ಗುರುಬಸವ್ವಳ ಹೆಸರಿನ ಮುಂದೆಯೂ ಹಾಗೆಯೇ "ಇಲ್ಲ" ಎಂದು ಬರೆದಿದ್ದಳು. ಅಪ್ಪ ಸತ್ತು ಆರು ವರ್ಷವಾಗಿತ್ತು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಗುಡ್ಡದಿಂದ ಭೋಂಗಾ ಕೂಗಿತು. ಮಾಳಿಗೆಯ ಮೇಲಿನ ಚೌಕಟ್ಟು ಒಂದು ಕ್ಷಣ ಗುಂಯ್ ಎಂದು ಸುಮ್ಮನಾಯಿತು. ಓಣಿಯ ಮಕ್ಕಳು ಫೋನುಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದು, ಬುಡಮೇಲು ಮಾಡಿ, ಅವು ತಾವೇ ಚಾರ್ಜಾಗುವುದನ್ನು ನೋಡಿ ಕುಣಿದರು.

ಅವ್ವ ಮೆಂತ್ಯಪಲ್ಲೆ ಬಿಡಿಸುತ್ತ ಕುಳಿತಿದ್ದಳು. ಮೂರು ತಿಂಗಳ ಹಿಂದೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಎದೆ ತೆರೆದು ಅವಳ ಹೃದಯದ ಕವಾಟ ಸರಿಮಾಡಿದ್ದರು. ಈಗೀಗ ಕುಳಿತು ಮಾಡುವ ಕೆಲಸ ಮಾಡುತ್ತಿದ್ದಳು.

"ದಾನೀ, ಎದಿ ಯಾಕೋ ಉರಿಯಾಕತ್ತೈತಿ."

"ಮುಂಜಾನೆ ಮೆಣಸಿನಕಾಯಿ ಚಟ್ನಿ ಬ್ಯಾಡಂದ್ನೆಲ್ಲಬೇ."

"ಒಂದ ಬಳ್ಳು ನೆಕ್ಕೀನಿ. ಅಷ್ಟಕ್ಕ ನೀ ದೊಡ್ಡ ಡಾಕ್ಟರ್ ಆಗಬ್ಯಾಡ."

ದಾನಮ್ಮ ಮಜ್ಜಿಗೆ ಕೊಟ್ಟಳು. ಅರ್ಧ ತಾಸು ಬಿಟ್ಟು ಅಜವಾನ ಅಗಿಯಲು ಕೊಟ್ಟಳು. ಹನ್ನೊಂದರ ಹೊತ್ತಿಗೆ ಅವ್ವ ಪಲ್ಲೆ ಬಿಟ್ಟು ಗೋಡೆಗೆ ಒರಗಿದಳು. ಹಣೆಯಲ್ಲಿ ಬೆವರಿತ್ತು. "ಹೊಟ್ಟ್ಯಾಗಿಂದಲ್ಲವಾ ಇದು. ಎಲುಬಿನ್ಯಾಗಿಂದ ಬರಾಕತ್ತೈತಿ," ಎಂದಳು. ದಾನಮ್ಮ ಅವಳ ಕುಪ್ಪಸದ ಗುಂಡಿ ಬಿಚ್ಚಿ ಗಾಯದ ಗೆರೆಯ ಮೇಲೆ ಬೆರಳಿಟ್ಟಳು. ಶಸ್ತ್ರಚಿಕಿತ್ಸೆಯಾದ ಮೇಲೆ ಆ ಗೆರೆಯನ್ನು ಅವಳು ಮುಟ್ಟಿದ್ದು ಅದೇ ಮೊದಲು. ಗೆರೆಯ ಉದ್ದಕ್ಕೂ, ಚರ್ಮದ ಕೆಳಗೆ, ಮೇಲಿಂದ ಕೆಳಕ್ಕೆ ಗಂಟಿನಂಥ ಆರು ಜಾಗಗಳು. ಆರೂ ಕಡೆ ಬೆರಳಿಗೆ ಬಿಸಿ ಹತ್ತಿತು.

ಕೈಸುರುಳಿ ತಂದಳು. ಅವ್ವನಿಂದ ಮಾರು ದೂರದಲ್ಲಿದ್ದಾಗಲೇ ಮುಳ್ಳು ಬಲತುದಿಗೆ ಹೋಗಿ ಅಂಟಿಕೊಂಡಿತ್ತು. ಅಂಗಳದಲ್ಲೂ ಹಾಗೇ, ಬರಿಗೋಡೆಯ ಮುಂದೆಯೂ ಹಾಗೇ. ಹಳೆಯ ಸಣ್ಣ ಕ್ಷೇತ್ರಕ್ಕೆಂದು ಮಾಡಿದ ಯಂತ್ರ ಎಂಟು ಪಟ್ಟಿನ ಕ್ಷೇತ್ರದಲ್ಲಿ ಏನನ್ನೂ ಬೇರೆ ಮಾಡಿ ತೋರಿಸಲಾರದಾಗಿತ್ತು.

ಟ್ರಂಕಿನ ಬದಲು ತಂದಿದ್ದ ಕಟ್ಟಿಗೆಯ ಪೆಟ್ಟಿಗೆಯಿಂದ ಆಸ್ಪತ್ರೆಯ ಕಾಗದ ತೆಗೆದಳು. ಎಲ್ಲ ಇಂಗ್ಲಿಷ್. ಒಂದೊಂದೇ ಅಕ್ಷರ ಕೂಡಿಸಿ ಓದುತ್ತ ಹೋದಳು. ಸ್ಟೀಲ್. ವೈರ್. ಆರು. ಆ ಮಾತು ಅವಳಿಗೆ ಹೊಸದಲ್ಲ, ಆಗಲೂ ಓದಿದ್ದಳು. ಹನ್ನೆರಡನೇ ದಿನ ನರ್ಸಮ್ಮ ಚರ್ಮದ ಹೊಲಿಗೆ ಬಿಚ್ಚಿದಾಗ, ಆ ವೈರು ಇದೇ ಇರಬೇಕು, ಬಿಚ್ಚಿದರಲ್ಲ ಎಂದುಕೊಂಡಿದ್ದಳು. ಸೀಳಿದ ಎದೆಯೆಲುಬನ್ನು ಕೂಡಿಸಿ ಉಕ್ಕಿನ ತಂತಿಯಿಂದ ಬಿಗಿದು ಒಳಗೇ ಬಿಡುತ್ತಾರೆಂದು ಅವಳಿಗೆ ಯಾರು ಹೇಳಬೇಕಿತ್ತು?

ಎಲುಬಿನ ಸುತ್ತ ಆರು ಉಂಗುರ. ಆರಕ್ಕೂ ಬಾಯಿಲ್ಲ. ಹಳೆಯ ಸಣ್ಣ ಕ್ಷೇತ್ರದಲ್ಲಿ ಅವು ಕಾದದ್ದು ಮೈಗೆ ತಿಳಿದಿರಲಿಲ್ಲ.

ಗಲಗಲಿಯವರಿಗೆ ಫೋನು ಹಚ್ಚಿದಳು. ಹೇಳಬೇಕಾದದ್ದನ್ನು ಮೂರು ಸಲ ಹೇಳಬೇಕಾಯಿತು, ಮೊದಲೆರಡು ಸಲ ದನಿಯೇ ಹೊರಡಲಿಲ್ಲ.

"ನೀ ಸಹಿ ಮಾಡಿದ್ದೆಲ್ಲಾ, ದಾನಮ್ಮಾ."

"ಹೌದ್ರಿ ಸರ್."

"ಇರ್ಲಿ. ಈಗ ಆ ಮಾತು ಬ್ಯಾಡ. ಮ್ಯಾಲಿನವರನ್ನ ಕೇಳದನ ಬಳಿಗೆ ಕರೆಂಟ್ ಊಡೋದ ನಿಲ್ಲಸ್ತೀನಿ. ನಾಳಿಗೆ ನನ್ನ ಕೆಲಸ ಇರ್ತದೋ ಇಲ್ಲೋ, ನಿಲ್ಲಸ್ತೀನಿ. ಆದ್ರ ನಿನಗ ಗೊತ್ತದ, ಈ ಬಳಿ ಗಂಟಿ ಇದ್ದಂಗ. ಬಡಿಯೋದ ನಿಲ್ಲಿಸಿದ್ರ ನಾದ ನಿಲ್ಲೂದಿಲ್ಲ. ಇಳೀಲಿಕ್ಕೆ ಮೂವತ್ತು ತಾಸು ಬೇಕು."

"ಒಮ್ಮೆಲೇ ಇಳಸಾಕ ಬರೂದಿಲ್ಲೇನ್ರಿ?"

"ಬರ್ತದ. ಕೆರಿ ಏರಿ ಒಡದಂಗ. ಅಷ್ಟೂ ಕ್ಷೇತ್ರ ಒಂದ ಚಣದಾಗ ಕುಸೀತಂದ್ರ ಉಂಗರದಾಗ ಓಡೋ ಕರೆಂಟ್ ಈಗಿನಕಿಂತ ನೂರು ಪಟ್ಟು. ಮೊದಲ ಪೆಟ್ಟು ನಿಮ್ಮವ್ವಗ."

"ಹೊರಗ ಒಯ್ತೀನ್ರಿ. ಗೆರಿ ದಾಟಿಸಿ ಹುಬ್ಬಳ್ಳಿಗೆ..."

"ಬ್ಯಾಡ. ಸುರುಳಿ ಹತ್ರ ಹೋದಂಗ ಕ್ಷೇತ್ರ ಏರ್ತದ. ಗೆರಿ ಮ್ಯಾಲ ಊರ ನಡಕಿಗಿಂತ ಹತ್ತು ಪಟ್ಟು. ನೀನ ಅಳದೀಯಲ್ಲವಾ."

ಹೌದು, ಅವಳೇ ಅಳೆದಿದ್ದಳು. ಮೊದಲ ವರ್ಷ ಊರಿನ ಉದ್ದಗಲಕ್ಕೂ ನೂರು ಹೆಜ್ಜೆಗೊಂದು ಸಲ ನಿಂತು ಮುಳ್ಳು ಓದಿ ಬರೆದವಳು ಅವಳೇ. ಎಲ್ಲಕ್ಕಿಂತ ಕಡಿಮೆ ಇದ್ದದ್ದು ಊರ ನಟ್ಟನಡುವೆ, ಪಂಚಾಯತಿಯ ಕಟ್ಟೆಯ ಹತ್ತಿರ.

ಹಗ್ಗದ ಹೊರಸಿನ ಮೇಲೆ ಅವ್ವನನ್ನು ಮಲಗಿಸಿ ನಾಲ್ಕು ಜನ ಪಂಚಾಯತಿಯ ಕೋಣೆಗೆ ಹೊತ್ತು ತಂದರು. ಪಕ್ಕದ ಮನೆಯ ಪಾರವ್ವ ಚಿಗವ್ವ ಒದ್ದೆ ಬಟ್ಟೆ, ನೀರಿನ ಗಡಿಗೆ ಹಿಡಿದುಕೊಂಡು ಹಿಂದೆ ಬಂದಳು. ಅಲ್ಲಿ ಉರಿ ಸ್ವಲ್ಪ ತಗ್ಗಿತು, ನಿಲ್ಲಲಿಲ್ಲ. ಹಳೆಯ ಕ್ಷೇತ್ರವಾಗಿದ್ದರೆ ದಾನಮ್ಮನಿಗೆ ಉಪಾಯ ಗೊತ್ತಿತ್ತು. ಬಾಣಗಳು ಮೇಲೆ ಕೆಳಗೆ ಮಾತ್ರ ತೂಗುವಾಗ, ಉಂಗುರದೊಳಗೆ ಒಂದು ಬಾಣವೂ ಹೊಗದಂತೆ ಮೈಯನ್ನು ಹೊರಳಿಸಿದರೆ ಸಾಕಿತ್ತು. ಆದರೂ ನೋಡೋಣವೆಂದು ಹೊರಸನ್ನು ಮೂಡಣ ಪಡುವಣ ತಿರುಗಿಸಿದಳು, ತೆಂಕಣ ಬಡಗಣ ತಿರುಗಿಸಿದಳು, ಅವ್ವನನ್ನು ಮಗ್ಗುಲಾಗಿಸಿದಳು. ಯಾವ ಕಡೆ ಹೊರಳಿಸಿದರೂ ಅಷ್ಟೇ. ಬಾಣಗಳು ಎಲ್ಲ ದಿಕ್ಕಿಗೂ ತಿರುಗುತ್ತಿದ್ದವು.

"ಯಾಕ ಹಿಂಗ ಗಾಣದ ಎತ್ತಿನಂಗ ನನ್ನ ತಿರುಗಸಾಕತ್ತಿ?" ಎಂದಳು ಅವ್ವ, ಕಣ್ಣು ಮುಚ್ಚಿಕೊಂಡೇ.

"ಸುಮ್ಮಕಿರಬೇ. ನೋಡಾಕತ್ತೀನಿ."

"ಏನ ನೋಡತಿ? ಒಳಗೈತಿ ಅದು."

ಸರ್ಕಾರಿ ದವಾಖಾನೆಯ ಡಾಕ್ಟರ್ ಸಲ್ಮಾ ಬಂದರು. ಗಾಯದ ಮೇಲೆ ಕೈಯಿಟ್ಟು ನೋಡಿದರು, ಕಾಗದ ಓದಿದರು, ಗುಳಿಗೆಯ ಪಟ್ಟಿಯನ್ನೂ ಓದಿದರು. ದಾನಮ್ಮನನ್ನು ಬಾಗಿಲ ಆಚೆ ಕರೆದರು.

"ಬಾಯಿ ಬಿಡಸಾಕ ಬರೂದಿಲ್ಲೇನ್ರಿ?" ದಾನಮ್ಮ ಕೇಳಿದಳು. "ಮ್ಯಾಲ ಸ್ವಲ್ಪ ಚರ್ಮ ಕೊಯ್ದು, ಒಂದೊಂದ ತಂತಿ ಕತ್ತರಿಸಿ..."

"ಬೇರೆಯವರಿಗಾದ್ರ ನಾನೂ ಅದನ್ನ ಮಾಡತಿದ್ನಿ. ನಿಮ್ಮವ್ವಗ ರಕ್ತ ತೆಳ್ಳಗ ಮಾಡೂ ಗುಳಿಗಿ ನಡದೈತಿ. ಕೊಯ್ದ್ರ ರಕ್ತ ನಿಲ್ಲಸಾಕ ಇಲ್ಲಿ ನನ್ನ ಕಡೆ ಏನೂ ಇಲ್ಲ. ಮತ್ತ ಸಕ್ಕರಿ ಕಾಯಿಲೆ ಮೈ, ಎಲುಬು ಇನ್ನೂ ಕೂಡಿಲ್ಲ. ಎದಿ ಹಿಡದು ಕುಂತದ್ದ ಆ ತಂತಿ. ಅದನ್ನ ಕತ್ತರಿಸಿದ್ರ ಕೆಮ್ಮಿದ್ರೂ ಎದಿ ತೆರೀತೈತಿ."

"ಹಂಗಾರ ಎಷ್ಟೊತ್ತ ತಡೀತಾಳ್ರಿ?"

ಡಾಕ್ಟರು ಸೆರಗು ಸರಿಮಾಡಿಕೊಂಡರು. "ಚರ್ಮಕ್ಕ ಇಷ್ಟ ಬಿಸಿ ಬಂದೈತಿ ಅಂದ್ರ ಎಲುಬಿನ ಒಳಗ ಇನ್ನೂ ಹೆಚ್ಚಿರತೈತಿ. ತಣ್ಣೀರ ಪಟ್ಟಿ ಹಾಕಿದ್ರ ಸಂಜೀತನಕ. ಅದರಾಚಿ ನಾ ಹೇಳಲಾರೆ."

ಗುಡ್ಡದಿಂದ ಮತ್ತೆ ಫೋನು ಬಂತು. ಊಡುವುದನ್ನು ನಿಲ್ಲಿಸಿದ್ದರು. ಗಲಗಲಿಯವರ ದನಿ ಪಾಠ ಹೇಳುವಾಗಿನಷ್ಟೇ ನಿಧಾನವಾಗಿತ್ತು.

"ಒಂದ ಹಾದಿ ಅದವಾ. ಮುಚ್ಚಿದ ತಗಡಿನ ಪೆಟಿಗಿ ತಾನು ಕಾದರೂ ಒಳಗ ಕ್ಷೇತ್ರ ಬಿಡೂದಿಲ್ಲ. ಬಾಣ ಒಳಗ ಹೊಗಲಿಕ್ಕೆ ಬಂದ್ರ ತಗಡಿನಾಗ ಕರೆಂಟ್ ಎದ್ದು, ಉಲ್ಟಾ ಬಾಣ ಹೂಡಿ ಅಳಿಸಿಬಿಡ್ತದ. ಒಂದ ತಿಜೋರಿ ಸಿಕ್ರೂ ಸಾಕು. ಮನಿಯೊಳಗ ಅರಿವಿ ಇಡ್ತಾರಲ್ಲಾ, ಆಳೆತ್ತರದ್ದು, ಅದು. ಅಡ್ಡ ಕೆಡವಿ, ಒಳಗ ಗಾದಿ ಹಾಕಿ ಅವ್ವನ ಮಲಗಸು. ಬಾಗಲಾ ಮುಚ್ಚು, ಗಾಳಿಗೆ ಕೀಲಿಕೈ ತೂತು ಇರ್ತಾವ. ಹೊರಗಿಂದ ನೀರ ಹೊಯ್ಕೋತ ಇರ್ರಿ. ಮೂವತ್ತು ತಾಸು ಕಳೀಬಹುದು."

"ತಿಜೋರಿ ಎಲ್ಲಾ ಗೆರಿ ಆಚೆ ಗೋದಾಮಿನ್ಯಾಗ ಅದಾವ್ರಿ ಸರ್."

"ಅವನ್ನ ಈಗ ತರಲಿಕ್ಕೆ ಆಗೂದಿಲ್ಲ. ಈ ಎಂಟು ಪಟ್ಟಿನ ಕ್ಷೇತ್ರದಾಗ ಅಷ್ಟು ದೊಡ್ಡ ತಗಡು ಗೆರಿ ಮ್ಯಾಲ ಬಂದ್ರ ಬಳಿ ಹದಾ ತಪ್ಪಿ ಒಡೀತದ. ಊರೊಳಗ ಏನಾರ ಉಳದದೇನು ನೋಡು. ಬಾಯಿ ಬಿಡಿಸದ್ದು."

ಬಾಯಿ ಬಿಡಿಸದ್ದು. ಎರಡು ವರ್ಷ ದಾನಮ್ಮ ಓಣಿ ಓಣಿ ತಿರುಗಿದ್ದು ಅಂಥದ್ದು ಒಂದೂ ಉಳಿಯದಿರಲಿ ಎಂದೇ. ಮುನ್ನೂರಕ್ಕೂ ಹೆಚ್ಚು ತಿಜೋರಿಗಳನ್ನು ಅವಳು ಬರೆದುಕೊಟ್ಟಿದ್ದಳು. ಹೆಚ್ಚಿನವು ಮದುವೆಯಲ್ಲಿ ತವರಿನವರು ಕೊಟ್ಟವು, ಕನ್ನಡಿ ಹಚ್ಚಿದವು, ಬಾಗಿಲ ಮೇಲೆ ಹೆಸರು ಬರೆಸಿದವು. ಗಾಡಿಗೆ ಏರಿಸುವಾಗ ಹೆಂಗಸರು ಅವನ್ನು ಮಗಳನ್ನು ಗಂಡನ ಮನೆಗೆ ಕಳಿಸಿದಂತೆ ಸೆರಗಿನಿಂದ ಒರೆಸಿ ಕಳಿಸುತ್ತಿದ್ದರು.

ಪಾರವ್ವ ಕಳಿಸಿರಲಿಲ್ಲ. ತನ್ನ ತಿಜೋರಿಯನ್ನು ಹಿತ್ತಲಲ್ಲಿ ಹೊಟ್ಟಿನ ರಾಶಿಯೊಳಗೆ ಹುಗಿದಿದ್ದಳು. ಹೋದ ಬೇಸಿಗೆಯಲ್ಲಿ ದಾನಮ್ಮ ಕೈಸುರುಳಿ ಹಿಡಿದು ಹಿತ್ತಲಿಗೆ ಬಂದಾಗ ಮುಳ್ಳು ಎದ್ದಿತ್ತು. ಪಾರವ್ವ ಅವಳ ಮುಖವನ್ನೇ ನೋಡುತ್ತ ನಿಂತಿದ್ದಳು. ಎರಡು ಮಾತು ಆಡಿದ್ದರೆ ಏನಾಗುತ್ತಿತ್ತೋ. ದಾನಮ್ಮನಿಗೆ ಮಾತು ಬರಲಿಲ್ಲ. ತಲೆ ತಗ್ಗಿಸಿ ಬರೆದುಕೊಂಡು ಹೋಗಿದ್ದಳು. ಕಂಪನಿಯವರು ತಿಜೋರಿ ಒಯ್ದು, ದಂಡವೆಂದು ಮಾಳಿಗೆಯ ಚೌಕಟ್ಟನ್ನೂ ಬಿಚ್ಚಿಕೊಂಡು ಹೋದರು. ಪಾರವ್ವಳ ಸೊಸೆ ಆಗಷ್ಟೇ ಹಡೆದಿದ್ದಳು. ಇಪ್ಪತ್ತೊಂದು ದಿನ ಆ ಬಿಸಿಲಲ್ಲಿ ಕೂಸಿಗೆ ಬೀಸಣಿಗೆಯಿಂದ ಗಾಳಿ ಹಾಕಿದ್ದರು.

ಫೋನಿನ ಮಾತು ಪಾರವ್ವಳಿಗೂ ಕೇಳಿಸಿತ್ತು. ಅವಳು ಬಟ್ಟೆ ಹಿಂಡಿ ಗುರುಬಸವ್ವಳ ಎದೆಯ ಮೇಲೆ ಹಾಸಿದಳು. ಬಟ್ಟೆಯಿಂದ ಹಬೆಯೇನೂ ಏಳಲಿಲ್ಲ, ಆದರೆ ಬೇಗ ಬೇಗ ಒಣಗುತ್ತಿತ್ತು.

"ನಂದು ಇದ್ದಿದ್ರ ನಿಂತ ಕಾಲಮ್ಯಾಗ ಕೊಡತಿದ್ನಿ, ದಾನಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀ ಬರದೆಲ್ಲಾ."

ದಾನಮ್ಮ ಇನ್ನೊಂದು ಬಟ್ಟೆಯನ್ನು ಗಡಿಗೆಯ ನೀರಿಗೆ ಅದ್ದಿದಳು.

ಬಾಗಿಲಲ್ಲಿ ಪತ್ತಾರ ಮೌನೇಶಪ್ಪ ಕುಳಿತಿದ್ದ. ಬೆಸುಗೆ ಹಾಕಿ ಏನಾದರೂ ಮಾಡಬಹುದೇ ಎಂದು ಕೇಳಲು ಅವನನ್ನು ಕರೆಸಿದ್ದರು. ಸೀಳಿದ ಎರಡು ಕಾಳಿನ ಡ್ರಮ್ಮುಗಳನ್ನು ತರಿಸಿ, ಸೀಳನ್ನು ಸುತ್ತಿಗೆಯಿಂದ ಬಡಿದು, ಬೆಸುಗೆ ಹತ್ತದಿದ್ದಾಗ ಮೊಳೆಯಿಂದ ಕೂಡಿಸಿ ನೋಡಿದ್ದ. ಮೊಳೆ ತಾಗಿದ ಜಾಗ ಕೆಂಪಗೆ ಕಾದು ಕಿಡಿ ಹಾರಿ ಸೀಳು ಮತ್ತೆ ಬಾಯಿ ಬಿಟ್ಟಿತ್ತು. ಅವನ ಹೆಬ್ಬೆರಳು ಬೊಕ್ಕೆಯೆದ್ದಿತ್ತು.

"ಊರಾಗ ಇನ್ನೂ ಮೂರ್ನಾಕು ತಿಜೋರಿ ಇರಬೇಕು ನೋಡವಾ," ಎಂದ ಮೌನೇಶಪ್ಪ. "ಗೋಡಿಯೊಳಗಿಟ್ಟು ಗಿಲಾವ ಮಾಡಿದವರದಾರ. ನನಗ ಹೆಸರ ಗೊತ್ತಿಲ್ಲ. ಗೊತ್ತಿದ್ರೂ ಈಗ ಯಾರ ಒಪ್ಪಕೋತಾರ? ಎರಡನೇ ಹಂತದಾಗ ಸಿಕ್ಕಿಬಿದ್ರ ಚೌಕಟ್ಟು ಕಾಯಂ ಹೋಗತೈತಿ ಅಂತ ಭೋಂಗಾದಾಗ ವದರ್ಯಾರ. ಬೋರೂ ಅದರ ಮ್ಯಾಲ, ಗಿರಣೀನೂ ಅದರ ಮ್ಯಾಲ."

"ನಾನ ಹೋಗಿ ಕೇಳತೀನಿ."

"ನೀ ಬಾಗಲಕ ಬಂದ್ರ ಅವರ ಬಾಗಲಾ ಹಾಕ್ಕೋತಾರ, ತಂಗಿ."

ಅದು ನಿಜವೆಂದು ಅವಳಿಗೂ ಗೊತ್ತಿತ್ತು. ಆದರೂ ಎದ್ದು ಓಣಿಗೆ ಬಂದಳು. ಎರಡು ವರ್ಷದಲ್ಲಿ ಯಾವ ಮನೆಯ ಯಾವ ಗೋಡೆ ಹೊಸದೆಂದು ಅವಳಿಗೆ ತಿಳಿಯದ್ದೇನಿರಲಿಲ್ಲ. ಆದರೆ ಸುಗ್ಗಿ ಮುಗಿದ ಮೇಲೆ ಊರಿಗೆ ಊರೇ ಗೋಡೆ ಸಾರಿಸಿತ್ತು. ಕೈಸುರುಳಿಯ ಮುಳ್ಳು ತುದಿಗೆ ಅಂಟಿಕೊಂಡೇ ಇತ್ತು. ನಡುಬೀದಿಯಲ್ಲಿ ನಿಂತಾಗ ಗಾಳಿಯಲ್ಲೊಂದು ವಾಸನೆ ಬಂತು, ಕಾದ ಬಣ್ಣದ್ದು. ಎಣ್ಣೆ ಬಣ್ಣ ಬಳಿದ ತಗಡು ಬಿಸಿಯಾದಾಗ ಬರುವಂಥದ್ದು. ಯಾರದೋ ಮನೆಯಲ್ಲಿ, ಯಾವುದೋ ಗೋಡೆಯ ಹಿಂದೆ, ಒಂದು ತಿಜೋರಿ ಕಾಯುತ್ತಿತ್ತು. ಅವಳು ಮೂಗು ಎತ್ತಿ ಆ ಕಡೆ ನಾಲ್ಕು ಹೆಜ್ಜೆ, ಈ ಕಡೆ ನಾಲ್ಕು ಹೆಜ್ಜೆ ಹಾಕಿದಳು. ಗಾಳಿ ಹೊರಳಿತು. ವಾಸನೆ ಎಲ್ಲ ಕಡೆಯಿಂದಲೂ ಬಂದಂತಾಯಿತು, ಆಮೇಲೆ ಎಲ್ಲಿಂದಲೂ ಬರಲಿಲ್ಲ.

ಹತ್ತಿರದ ಮನೆಯ ಕಿಟಕಿಯಿಂದ ಯಾರೋ ನೋಡುತ್ತಿದ್ದರು. ದಾನಮ್ಮ ಆ ಕಡೆ ತಿರುಗಿದ ಕೂಡಲೇ ಕಿಟಕಿ ಮುಚ್ಚಿತು.

ಪಂಚಾಯತಿಗೆ ಮರಳಿದಾಗ ಅವ್ವನ ತುಟಿ ಒಣಗಿತ್ತು. ಹೊತ್ತು ನಾಲ್ಕು ದಾಟಿತ್ತು. ಡಾಕ್ಟರು ಸೂಜಿ ಹಾಕಿ ಪಕ್ಕದಲ್ಲಿ ಕುಳಿತಿದ್ದರು. ಅವ್ವ ಮಗಳ ಕೈಯನ್ನು ಹುಡುಕಿ ಹಿಡಿದುಕೊಂಡು, "ಯಾರ ಮ್ಯಾಲೂ ಸಿಟ್ಟ ಆಗಬ್ಯಾಡ. ನೀ ಒಂದ ನಾಕ ಮಾತ ಆಡೂದ ಕಲತಿದ್ರ ಚೊಲೊ ಇತ್ತು ನೋಡು," ಎಂದಳು. ಆಮೇಲೆ ನೋವು ಬಂದು ಮಾತು ನಿಲ್ಲಿಸಿದಳು.

ಕೋಣೆಯ ಮೂಲೆಯಲ್ಲಿ ಮೈಕು ಇತ್ತು. ನೀರು ಬಿಡುವ ಹೊತ್ತು, ತಪಾಸಣೆಯ ದಿನ, ಸತ್ತವರ ಸುದ್ದಿ, ಎಲ್ಲವನ್ನೂ ಅದರಲ್ಲೇ ಹೇಳುವುದು. ಪ್ರತಿ ಓಣಿಯ ತಿರುವಿನಲ್ಲೂ ಒಂದೊಂದು ಭೋಂಗಾ. ದಾನಮ್ಮ ಅದರ ಮುಂದೆ ಕುಳಿತಳು. ಬಾಯಿ ಒಣಗಿತ್ತು. ಪಾರವ್ವ ಗಡಿಗೆಯಿಂದ ನೀರು ಬಗ್ಗಿಸಿ ಕೊಟ್ಟಳು. ಕುಡಿದು ಗುಂಡಿ ಒತ್ತಿದಳು.

"ನಾನು... ದಾನಮ್ಮ. ತಪಾಸಣಿ ದಾನಮ್ಮ." ಅವಳ ದನಿ ಹೊರಗೆ ಹತ್ತು ಕಡೆಯಿಂದ ಅವಳಿಗೇ ತಿರುಗಿ ಕೇಳಿಸಿತು. "ನಮ್ಮವ್ವನ ಎದ್ಯಾಗ ಉಕ್ಕಿನ ತಂತಿ ಅದಾವ. ಕಾಯಾಕತ್ತಾವ. ನಾ ಸುರುಳಿ ಹಿಡದ ನೋಡಿರಲಿಲ್ಲ. ತಪ್ಪ ನಂದು. ಯಾರ ಮನ್ಯಾಗರ ಬಾಯಿ ಬಿಡಿಸದ ತಿಜೋರಿ ಇದ್ರ ಪಂಚಾಯತಿಗೆ ತರ್ರಿ. ನಾಳೆ ರಾತ್ರಿತನಕ ಅಷ್ಟ. ನಾ ಬರಕೊಳ್ಳೂದಿಲ್ಲ. ಗುಡ್ಡದಾಗ ಗಲಗಲಿ ಸರೂ ಬರಕೊಳ್ಳೂದಿಲ್ಲ."

ಗುಂಡಿ ಬಿಟ್ಟು ಬಾಗಿಲಿಗೆ ಬಂದು ನಿಂತಳು. ಹೊಲದಿಂದ ಮರಳುತ್ತ ಭೋಂಗಾದ ಕೆಳಗೆ ನಿಂತಿದ್ದ ಇಬ್ಬರು ಮುಂದೆ ಹೋದರು. ನಳದ ಹತ್ತಿರ ಕೊಡ ಹಿಡಿದಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಯಾವ ಓಣಿಯಿಂದಲೂ ತಗಡು ಎಳೆಯುವ ಸದ್ದು ಬರಲಿಲ್ಲ. ಮೌನೇಶಪ್ಪ ಬೊಕ್ಕೆಯೆದ್ದ ಹೆಬ್ಬೆರಳನ್ನು ಊದಿಕೊಳ್ಳುತ್ತ ರಸ್ತೆಯ ತುದಿಯನ್ನೇ ನೋಡುತ್ತಿದ್ದ. ಕಾದ ಬಣ್ಣದ ವಾಸನೆ ಮತ್ತೊಮ್ಮೆ ಬಂದು ಹೋಯಿತು. ಒಳಗೆ ಪಾರವ್ವ ಬಟ್ಟೆ ಹಿಂಡುವ ಸದ್ದು, ಹಾಸುವ ಸದ್ದು, ಮತ್ತೆ ಹಿಂಡುವ ಸದ್ದು.

ದಾನಮ್ಮ ಒಳಗೆ ಬಂದು ಮತ್ತೆ ಗುಂಡಿ ಒತ್ತಿದಳು.

"ಒಂದ ತಿಜೋರಿ ಕೊಡ್ರಿ," ಎಂದಳು.